ಅಂಗೈ ಅಡ್ಡ ಹಿಡಿದವನು

ಸಂಚಾರಿ ಪೇದೆ ಸೀಟಿಯನ್ನು ಬಾಯಿಗಿಟ್ಟವನು ಊದದೆ ಜೇಬಿಗಿಳಿಸಿದ. ಹೊಸ ವರ್ತುಲ ರಸ್ತೆ ಆ ಬೆಳಿಗ್ಗೆ ಪೂರ್ತಿಯಾಗಿ ತೆರೆದಿದ್ದರಿಂದ ಲಾರಿಗಳೆಲ್ಲ ಊರಾಚೆ ಬಳಸಿ ಹೋಗುತ್ತಿದ್ದವು. ಹದಿನೆಂಟು ವರ್ಷ ಕಾದ ಚೌಕದಲ್ಲಿ ಅವನೀಗ ಬೆಳಗಾದ ಮೇಲೂ ಉರಿಯುವ ಬೀದಿದೀಪ. ಬೇಸರ ಕಳೆಯಲು ಬಾಯಲ್ಲೇ ಲಾರಿ ಹಾರ್ನ್ ಹೊಡೆದ.

ದಿನವೂ ಎದುರುಗಡೆಯ ತಂಗಿ ಮನೆಗೆ ಹೋಗುವ ಅಜ್ಜಿ ರಸ್ತೆಯಂಚಿನಲ್ಲೇ ಬೆಚ್ಚಿ ನಿಂತಳು. "ಹೆದರಿಸ್ಬೇಡ್ವೋ ಪೊಲೀಸಪ್ಪಾ."

"ಸುಮ್ನೆ ತಮಾಷೆ ಕಣಜ್ಜಿ. ನಡಿ, ರಸ್ತೆಯೆಲ್ಲ ನಿಂದೇ. ಇನ್ನು ನಾನ್ಯಾಕೆ ಇಲ್ಲಿ?"

"ಹೇಗೋ ದಾಟ್ಲಿ? ನೀನಿನ್ನೂ ಕೈಯೇ ಎತ್ತಿಲ್ವಲ್ಲ."

ಪೇದೆ ಟೋಪಿ ಸರಿಮಾಡಿಕೊಂಡ. ಉದ್ದಕ್ಕೆ ಸೀಟಿ ಊದಿ, ಗತ್ತಿನಿಂದ ಅಂಗೈ ಅಡ್ಡ ಹಿಡಿದ. ಇಡೀ ರಸ್ತೆ ನಿಂತಿತು. ರಸ್ತೆಯಲ್ಲಿದ್ದದ್ದು ಒಂದೇ ಒಂದು ನಾಯಿ, ಅದೂ ನಿಂತಿತು.