ಕನ್ಯೆಗೆ ಕೇಳಿದ ಇಂಗ್ಲಿಷ್

1978ರ ಜೂನ್ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ಹುಮನಾಬಾದಿನ ಕಿರಾಣಿ ವ್ಯಾಪಾರಿ ಮಹಾರುದ್ರಪ್ಪನವರ ಮಗಳು ಮಾಣಿಕಮ್ಮನನ್ನು ನೋಡಲು ಮಂಠಾಳದಿಂದ ವರನ ಕಡೆಯವರು ಬಂದಿದ್ದರು. ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿಗೆ ಅಣ್ಣ ದಿಗಂಬರನ ಹಾಗೆ ಕಾಲೇಜಿಗೆ ಹೋಗುವ ಆಸೆಯಿತ್ತು. ಹೆಸರು ಕೇಳಿ, ವಚನ ಹೇಳಿಸಿದ ಮೇಲೆ ಶಾಲಾ ಮಾಸ್ತರರಾದ ವರನ ಸೋದರಮಾವ ಇಂಗ್ಲಿಷಿಗೆ ಇಳಿದರು.

"'ಆ್ಯಪಲ್ ಆಫ್ ದಿ ಐ' ಅಂದ್ರ ಏನವಾ ತಂಗಿ?"

"ಕಣ್ಣಿನ ಗೊಂಬಿರಿ. ಭಾಳ ಪ್ರೀತಿ ಇದ್ದವರಿಗೆ ಹಂಗ ಅಂತಾರ."

"ಶಾಬಾಸ್! ಒಂದು ವಾಕ್ಯದಾಗ ಹಾಕು ನೋಡೂಣು."

ಮಾಣಿಕಮ್ಮ ತಲೆ ಎತ್ತಿ, ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೇಳಿದಳು. ಮಾಸ್ತರರ ನಗು ನಿಂತಿತು.

"ಏನಂದಳ್ರಿ?" ಇಂಗ್ಲಿಷ್ ಬಾರದ ಮಹಾರುದ್ರಪ್ಪ ಹೆಮ್ಮೆಯಿಂದ ಕೇಳಿದರು. ಮಾಸ್ತರರು ಕಪ್ಪಿನ ಚಹಾ ಬಸಿಗೆ ಸುರಿದುಕೊಂಡರು. ಮಗಳೇ ಉತ್ತರ ಕೊಟ್ಟಳು.

"ದಿಗಂಬರಣ್ಣ ನಮ್ಮಪ್ಪನ ಕಣ್ಣಿನ ಗೊಂಬಿ ಅಂದೆ, ಅಪ್ಪಾ. ಅಂವ ಪಿಯುಸಿ ಫೇಲಾದ್ರೂ ಅಂವಗ ಮತ್ತ ಕಾಲೇಜು. ನಾ ಪಾಸಾದ್ರೂ ನನಗ ಲಗ್ನ."

ಮಾತು ಗಟ್ಟಿಯಾದರೆ ಹಂಚಲು ತಂದಿದ್ದ ಸಕ್ಕರೆ ತಟ್ಟೆ ಮಹಾರುದ್ರಪ್ಪನವರ ಕೈಯಲ್ಲೇ ಇತ್ತು. ಅವರು ಮಗಳನ್ನು ನೋಡಿದರು. ತಟ್ಟೆಯನ್ನು ಒಳಗೆ ಕಳಿಸಿದರು.

"ಚಹಾ ಕುಡೀರಿ ಮಾಸ್ತರ," ಎಂದರು. "ಲಗ್ನದ ಮಾತು ಮುಂದ ನೋಡೂಣು."

ಜುಲೈನಲ್ಲಿ ಮಾಣಿಕಮ್ಮ ಬಸವಕಲ್ಯಾಣದ ಕಾಲೇಜಿಗೆ ಸೇರಿದಳು.