ಪುಕ್ಕಟೆ ಗಾಡಿ

ಮಂಗಳ ಗ್ರಹದಲ್ಲಿ ಬದುಕಿ ಉಳಿಯೋ ಆಟ ಅದು. ಶುರುನಲ್ಲಿ ಎಲ್ರಿಗೂ ನಾಲ್ಕು ಚಕ್ರದ ಪುಕ್ಕಟೆ ಗಾಡಿ ಕೊಡ್ತಾರೆ. ಲೋಹಿತನ ಗಾಡೀಲಿ ಉಳಿದಿದ್ದು ಎರಡೇ. ಅಮ್ಮ ಊಟಕ್ಕೆ ಕರೆದಾಗ ಎದ್ದುಹೋಗಿ ಬರೋದ್ರೊಳಗೆ ಒಂದೊಂದು ಚಕ್ರ ಕಳಚಿ ಮಾಯ ಆಗಿರ್ತಿತ್ತು.

"ಚಿನ್ನಪ್ಪ, ಗಾಡಿ ಕೈಕೊಡ್ತು ಮಗಾ! ಆಕ್ಸಿಜನ್ ಮುಗೀತಿದೆ. ಸತ್ರೆ ಕಟ್ಟಿದ್ದೆಲ್ಲ ಹೋಯ್ತು!" ಅಂತ ಹೆಡ್‌ಫೋನಲ್ಲಿ ಗೋಳಾಡಿದ.

"ಅದರ ಡಿಸೈನೇ ದಂಡ ಗುರೂ. ಬೋಲ್ಟು ನಿಲ್ಲಲ್ಲ."

"ಚಕ್ರ ಕಳಚಿದೋನ ಮನೆ ಹಾಳಾಗ!"

"ಲೇ, ಶಾಪ ಯಾಕೋ ಹಾಕ್ತೀಯ? ಸಾವು ನಿನ್ನ ಮುಟ್ಬೇಕಂದ್ರೆ ಮೊದ್ಲು ಈ ದೋಸ್ತನ್ನ ದಾಟ್ಬೇಕು. ಬಂದೆ!"

ಲೋಹಿತನ ಕಣ್ಣು ತುಂಬಿಬಂತು. ದೂರದ ಕೆಂಪು ದಿಬ್ಬದಲ್ಲಿ ಧೂಳೆದ್ದಿತು. ಚಿನ್ನಪ್ಪನ ಪುಕ್ಕಟೆ ಗಾಡಿ ಠೀವಿಯಿಂದ ಇಳಿದು ಬಂತು, ಆರು ಚಕ್ರದ ಮೇಲೆ.