ಮಿಕ್ಕಿದ ಕಪ್ಪೆಚಿಪ್ಪು

ಲ್ಯಾಬಿನಲ್ಲಿ ಪರೀಕ್ಷೆಗಿಟ್ಟ ತಟ್ಟೆಯ ಮುಚ್ಚಳ ಎತ್ತಿದ್ದೇ ತಡ, ಸಂಶೋಧಕಿಯ ಜೀವ ಬಾಯಿಗೆ ಬಂತು. ಕಪ್ಪೆಚಿಪ್ಪಿನ ರಸ ಸವರಿಟ್ಟಿದ್ದ ಆ ಪುಟ್ಟ ತಟ್ಟೆಯ ತುಂಬ ಹಸಿರು ಚುಕ್ಕೆಗಳು. ಹಸಿರೆಂದರೆ ಕೆಟ್ಟ ಬ್ಯಾಕ್ಟೀರಿಯಾದ ಗುಮಾನಿ. ಲಿವರ್ ಹಾಳಾದವರ ರಕ್ತಕ್ಕಿಳಿದರೆ ಅವರನ್ನು ಮುಗಿಸಿಯೇ ಬಿಡುವ ಜಾತಿಯೂ ಅದರಲ್ಲಿ ಇರಬಹುದು. ಪರೀಕ್ಷೆಗೆ ಬಳಸಿ ಮಿಕ್ಕಿದ್ದನ್ನು ಬಿಸಿಯಾವಿಯಲ್ಲಿ ಬೇಯಿಸಿ ಎಸೆಯಬೇಕು ಎಂಬುದು ಲ್ಯಾಬಿನ ನಿಯಮ. ಫಳಫಳ ಹೊಳೆಯುವ ಚಿಪ್ಪನ್ನು ಎಸೆಯಲು ಮನಸ್ಸು ಬಾರದೆ, ಈ ಮಹಾತಾಯಿ ನಿನ್ನೆ ಅದನ್ನು ಅಡುಗೆಗೆಂದು ಅಕ್ಕನ ಮನೆಗೆ ಕೊಟ್ಟು ಬಂದಿದ್ದಳು. ಭಾವನಿಗೋ ಲಿವರ್ ಕಾಯಿಲೆ.

ಕೈಗವಸು ಕಳಚುವುದನ್ನೂ ಮರೆತು ಫೋನ್ ಮಾಡಿದಳು. "ಅಕ್ಕಾ, ಚಿಪ್ಪು ಚೆನ್ನಾಗಿ ಬೇಯಿಸಿದ್ಯಾ?"

"ಅಯ್ಯೋ, ಬಾಯಿ ಬಿಟ್ಟ ಕೂಡ್ಲೇ ಇಳಿಸು, ಇಲ್ಲಾಂದ್ರೆ ರಬ್ಬರ್ ಆಗುತ್ತೆ ಅಂತ ನೀನೇ ಹೇಳಿದ್ಯಲ್ಲೇ! ಹಾಗೇ ಮಾಡ್ದೆ. ನಿಮ್ಮ ಭಾವ ನನಗೆ ಅಂತ ಒಂದೂ ಉಳಿಸ್ಲಿಲ್ಲ."

ಹಿಂದಿನಿಂದ ಭಾವ ಕೂಗಿದ. "ನಾದಿನೀ, ಮುಂದಿನ ವಾರಾನೂ ತಗೊಂಡು ಬಾಮ್ಮಾ! ನಿಮ್ಮಕ್ಕನ ಅಡುಗೆಗೆ ಇವತ್ತೇ ಮೊದಲ ಸಲ ರುಚಿ ಬಂದಿರೋದು!"

ಚಿಪ್ಪು ಬಾಯಿ ಬಿಟ್ಟ ಮೇಲೂ ಐದಾರು ನಿಮಿಷ ಕುದಿಯಲೇಬೇಕು ಎಂದು ಸಭೆಗಳಲ್ಲಿ ಜನರಿಗೆ ಭಾಷಣ ಬಿಗಿಯುತ್ತಿದ್ದವಳೂ ಇವಳೇ.

"ಅಕ್ಕಾ, ಭಾವನ್ನ ಈಗ್ಲೇ ಆಸ್ಪತ್ರೆಗೆ ಕರ್ಕೊಂಡು ಹೋಗು. ಆ ಚಿಪ್ಪಲ್ಲಿ ರೋಗದ ಕ್ರಿಮಿ ಇರ್ಬಹುದು. ನಾನೂ ಬರ್ತಿದ್ದೀನಿ."

"ಏನೇ ನೀನು ಹೇಳ್ತಿರೋದು? ಲ್ಯಾಬಿಂದ ತಂದಿದ್ದು ಅಂತ ತಾನೇ ನಂಬಿ ತಿನ್ನಿಸಿದ್ದು! ಟೆಸ್ಟ್ ಮಾಡೇ ಕೊಟ್ಟಿದ್ದೆ ಅಲ್ವಾ?"

"ಇಲ್ಲ ಅಕ್ಕಾ. ಟೆಸ್ಟ್ ಈಗ ತಾನೇ ಮುಗೀತು."